ಬೋಟು ಹತ್ತಿದ ಬೂಟು

ನಾನು ಒಂದು ಜೊತೆ ಬೂಟು. ಎಡದ್ದೂ ನಾನೇ, ಬಲದ್ದೂ ನಾನೇ. ‘ಬೂಟುಗಳು’ ಎಂದು ಬಹುವಚನ ಹಚ್ಚಿ ನನ್ನನ್ನು ಇಬ್ಭಾಗ ಮಾಡಬೇಡಿ, ನನಗೆ ಸಿಟ್ಟು ಬರುತ್ತದೆ. ಒಂಟಿ ಬೂಟಿಗೆ ಈ ಲೋಕದಲ್ಲಿ ಯಾರು ಮರ್ಯಾದೆ ಕೊಡುತ್ತಾರೆ?

ನಾನು ಹುಟ್ಟಿದ್ದು ಉತ್ತರದ ಬಯಲಿನ ಒಂದು ಕಾರ್ಖಾನೆಯಲ್ಲಿ. ಆ ಊರಿನ ಸೆಕೆಗೆ ಕಾಗೆಗಳು ಬಾಯಿ ತೆರೆದುಕೊಂಡು ಕೂರುತ್ತಿದ್ದವು. ಕೆಲಸಗಾರರು ಬನಿಯನ್ ಹಿಂಡಿ ಹಿಂಡಿ ಹಾಕಿಕೊಳ್ಳುತ್ತಿದ್ದರು. ಅಂಥ ಬೆಂಕಿಯಲ್ಲಿ ಕೂತು ಅವರು ಹಿಮದ ಬೂಟು ಮಾಡಿದರು. ಹೊರಗೆ ದಪ್ಪನೆಯ ಬಿಳಿ ರಬ್ಬರು, ಒಳಗೆ ಇನ್ನೊಂದು ಪದರ ರಬ್ಬರು, ನಡುವೆ ಉಣ್ಣೆ ತುಂಬಿ ಅಂಚು ಮುಚ್ಚಿದರು. ಉಣ್ಣೆಯ ಜೊತೆ ಒಂದಿಷ್ಟು ಗಾಳಿಯೂ ಒಳಗೆ ಸಿಕ್ಕಿಕೊಂಡಿತು. ಆ ಗಾಳಿಯೇ ನನ್ನ ಉಸಿರು. ಹೊರಗಿನ ಚಳಿ ಒಳಗೆ ಬಾರದಂತೆ, ಒಳಗಿನ ಬಿಸಿ ಹೊರಗೆ ಹೋಗದಂತೆ ಅದು ಕಾವಲು ಕಾಯುತ್ತದೆ. ನನ್ನಲ್ಲಿ ತೊಗಲಿನ ಚೂರೂ ಇಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಇದರ ಮೇಲೆ ದೊಡ್ಡ ಜಗಳವಾಗಲಿಕ್ಕಿದೆ.

ನನ್ನನ್ನು ಮೊದಲು ತೊಟ್ಟವನು ತಪನ್ ಎಂಬ ಬಂಗಾಳಿ ಸಿಪಾಯಿ. ಅವನ ಕಾವಲು ಠಾಣೆ ಇದ್ದದ್ದು ಹಿಮಾಲಯದ ಒಂದು ಸರೋವರದ ದಂಡೆಯಲ್ಲಿ. ಚಳಿಗಾಲದಲ್ಲಿ ಆ ಸರೋವರ ಕಲ್ಲಿನ ಹಾಗೆ ಹೆಪ್ಪುಗಟ್ಟುತ್ತಿತ್ತು. ಡಬ್ಬಿಯ ಊಟ ತಿಂದು ತಿಂದು ತಪನ್‌ಗೆ ಬೇಸರ ಹಿಡಿಯಿತು. ಒಂದು ದಿನ ಹಾರೆ ತೆಗೆದುಕೊಂಡು ಸರೋವರದ ನಡುವೆ ಹೋದ, ಮಂಜುಗಡ್ಡೆಗೆ ಬಕೆಟ್ಟಿನ ಬಾಯಿಯಷ್ಟು ತೂತು ಕೊರೆದ, ದಾರ ಇಳಿಬಿಟ್ಟ. ಗಂಟೆಗಟ್ಟಲೆ ಅಲ್ಲಾಡದೆ ನಿಂತ. ಅವನ ಮೂಗು ಕೆಂಪಾಯಿತು, ಮೀಸೆ ಬಿಳಿಯಾಯಿತು. ಕಾಲು ಮಾತ್ರ ನನ್ನೊಳಗೆ ಬೆಚ್ಚಗಿತ್ತು. ಕೊನೆಗೆ ಅಂಗೈಯಗಲದ ಒಂದು ಮೀನು ಬಂತು. ಅವನ ಅಧಿಕಾರಿ ಓಡಿ ಬಂದು ಬಾಯಿಗೆ ಬಂದ ಹಾಗೆ ಬೈದ. ಸಂಜೆ ಅದೇ ಅಧಿಕಾರಿ ಸಾರಿನ ಬಟ್ಟಲು ಹಿಡಿದು ಎರಡನೇ ಸಲ ಬಡಿಸಿಕೊಂಡ. ಮನುಷ್ಯರನ್ನು ನಾನು ಕೆಳಗಿನಿಂದ ನೋಡಿದವನು. ನನಗೆ ಅವರ ಮುಖಕ್ಕಿಂತ ಮೊದಲು ಹೊಟ್ಟೆ ಕಾಣುತ್ತದೆ.

ಆಮೇಲೆ ಹೊಸ ಮಾದರಿಯ ಬೂಟು ಬಂತು. ನಾನು ಹರಿದಿರಲಿಲ್ಲ, ಸವೆದಿರಲಿಲ್ಲ. ಆದರೂ ನನ್ನ ಮೈಮೇಲೆ ರದ್ದಿನ ಮುದ್ರೆ ಒತ್ತಿ, ಗೋಣಿಯಲ್ಲಿ ತುಂಬಿ ಹರಾಜು ಹಾಕಿದರು. ಲಾರಿಯಿಂದ ಲಾರಿಗೆ ಹತ್ತಿ ಇಳಿದು ಬೆಳಗಾವಿಯ ಇಮ್ತಿಯಾಜನ ಕೈಗೆ ಬಂದೆ. ಅವನು ಮಿಲಿಟರಿಯ ಹಳೆ ಕಂಬಳಿ, ನೀರಿನ ಬಾಟಲಿ, ಬೆಲ್ಟು ಹೊತ್ತುಕೊಂಡು ಸಂತೆಯಿಂದ ಸಂತೆಗೆ ತಿರುಗುವ ವ್ಯಾಪಾರಿ. ತಿರುಗುತ್ತಾ ತಿರುಗುತ್ತಾ ಕುಂದಾಪುರದ ಸಂತೆಗೆ ಬಂದ.

ಅಲ್ಲಿ ನನಗಾದ ಅವಮಾನ ಹೇಳಿ ಮುಗಿಯುವುದಿಲ್ಲ. ಆ ಕಡಲತೀರದ ಸೆಕೆಯಲ್ಲಿ ಹಿಮದ ಬೂಟು ಯಾರಿಗೆ ಬೇಕು? ಒಬ್ಬ ಮೇಷ್ಟ್ರು ನನ್ನನ್ನು ಎತ್ತಿ ನೋಡಿ, ಇದರಲ್ಲಿ ಕ್ರೋಟನ್ ಗಿಡ ನೆಟ್ಟರೆ ಚೆನ್ನಾಗಿರುತ್ತದೆ ಎಂದರು. ಒಬ್ಬಳು ಇದರೊಳಗೆ ತನ್ನ ಕೋಳಿ ಕಾವಿಗೆ ಕೂರುತ್ತದೆಯೇ ಎಂದು ವಿಚಾರಿಸಿದಳು. ನನಗೆ ಬಾಯಿದ್ದಿದ್ದರೆ ಇಬ್ಬರನ್ನೂ ಕಚ್ಚುತ್ತಿದ್ದೆ.

ಗುಲಾಬಿ ಬಂದದ್ದು ಆಗ. ಅವಳು ಗಂಗೊಳ್ಳಿಯ ಮೀನು ಮಾರುವ ಹೆಂಗಸು. ಮೀನೆಲ್ಲ ಖಾಲಿಯಾಗಿ ಬುಟ್ಟಿಯಲ್ಲಿ ಮಂಜುಗಡ್ಡೆಯ ಚೂರು ಮಾತ್ರ ಉಳಿದಿತ್ತು. ನನ್ನ ಮುಂದೆ ನಿಂತು ಸೊಂಟಕ್ಕೆ ಕೈಯಿಟ್ಟಳು.

“ಇದ್ ಎಂತದಾ? ಆನಿ ಕಾಲಿಗ್ ಹಾಕುದಾ?”

“ಮಿಲಿಟ್ರಿ ಮಾಲ್ ಐತ್ರಿ ಅಕ್ಕಾರ,” ಎಂದ ಇಮ್ತಿಯಾಜ. “ಐಸಿನ ಗುಡ್ಡದ ಮ್ಯಾಲ ನಿಂತ್ರೂ ಕಾಲು ಬೆಚ್ಚಗಿರ್ತಾವ್ರಿ.”

‘ಐಸು’ ಎಂಬ ಮಾತು ಕೇಳಿದ್ದೇ ಗುಲಾಬಿಯ ಮುಖ ಬದಲಾಯಿತು. ಬುಟ್ಟಿಯನ್ನು ಕೆಳಗಿಟ್ಟು ನನ್ನ ಎಡಪಾದವನ್ನು ಅದರೊಳಗಿನ ಮಂಜುಗಡ್ಡೆಯ ಮೇಲೆ ನಿಲ್ಲಿಸಿದಳು. ತನ್ನ ಕೈಯನ್ನು ನನ್ನೊಳಗೆ ತಳದವರೆಗೆ ತುರುಕಿದಳು. ಮತ್ತೆ ಇಮ್ತಿಯಾಜನಿಗೆ ಹೇಳಿದಳು: “ನೀನ್ ಬರಿ ಕೈ ಇಡ್ ಕಾಂಬ ಐಸಿನ್ ಮೇಲೆ. ಯಾರ್ ಮೊದ್ಲ್ ತೆಗಿತ್ರ್ ಕಾಂಬ.”

“ಇದೇನ್ರಿ ಅಕ್ಕಾರ, ವ್ಯಾಪಾರ ಮಾಡಾಕ ಬಂದೀರೋ ಕುಸ್ತಿ ಆಡಾಕೋ?”

“ಇಡ್ ಮಾರಾಯ, ಇಡ್!”

ಅವನು ಇಟ್ಟ. ಎಲೆಯಡಿಕೆ ಹಾಕುವಷ್ಟು ಹೊತ್ತೂ ಆಗಿರಲಿಲ್ಲ, “ಯಪ್ಪಾ!” ಎಂದು ಕೈ ಕೊಡವಿಕೊಂಡ. ಗುಲಾಬಿ ಕದಲಲಿಲ್ಲ. ಸಂತೆಯ ಜನ ಸುತ್ತ ನೆರೆದರು. ಅವಳು ಕೈ ಹೊರಗೆ ತೆಗೆದು ಕೆನ್ನೆಗೆ ಒತ್ತಿ ನೋಡಿದಳು. ಬೆಚ್ಚಗಿತ್ತು. ಅವಳ ಕಣ್ಣು ಒದ್ದೆಯಾದದ್ದು ನಾನು ನೋಡಿದೆ. ಮರುಕ್ಷಣ ಚೌಕಾಸಿಗೆ ಕೂತು ಇಮ್ತಿಯಾಜನ ಬೆವರಿಳಿಸಿದ್ದನ್ನೂ ನೋಡಿದೆ.

ಅವಳ ಕಣ್ಣು ಯಾಕೆ ಒದ್ದೆಯಾಯಿತು ಎಂದು ಮನೆಗೆ ಹೋದಾಗ ತಿಳಿಯಿತು. ಅವಳ ಗಂಡ ಹೆರಿಯ, ‘ಜಲದುರ್ಗಾ’ ಎಂಬ ಬೋಟಿನಲ್ಲಿ ಐಸಿನ ಕೋಣೆಯ ಆಳು. ಬಲೆಯಿಂದ ಬಂದ ಮೀನನ್ನು ಬೋಟಿನ ಹೊಟ್ಟೆಯೊಳಗೆ ಒಂದು ಪದರ ಮಂಜುಗಡ್ಡೆ, ಒಂದು ಪದರ ಮೀನು ಎಂದು ಜೋಡಿಸುವವನು. ಆ ಕೋಣೆಯಲ್ಲಿ ಬರಿಗಾಲಲ್ಲಿ ನಿಂತು ನಿಂತು ಅವನ ಕಾಲ್ಬೆರಳುಗಳು ಕಪ್ಪಗಾಗಿದ್ದವು. ಇನ್ನೂ ಐಸಿನ ಮೇಲೆ ನಿಂತರೆ ಬೆರಳು ಕತ್ತರಿಸಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಬಲೆ ಎಳೆಯುವ ಕೆಲಸ ಮಾಡೋಣವೆಂದರೆ ಭುಜದ ಕೀಲು ಹಿಂದೊಮ್ಮೆ ತಪ್ಪಿಹೋಗಿತ್ತು. ಐಸಿನ ಕೋಣೆ ಬಿಟ್ಟರೆ ಬೋಟಿನಲ್ಲಿ ಅವನಿಗೆ ಜಾಗವಿಲ್ಲ. ಬೋಟು ಬಿಟ್ಟರೆ ಅವನು ಅವನೇ ಅಲ್ಲ. ಮಳೆಗಾಲದ ರಜೆಯ ತಿಂಗಳಲ್ಲಿ ದಡದಲ್ಲಿ ಕೂತಾಗ ಅವನಿಗೆ ಅನ್ನವೇ ಸೇರುವುದಿಲ್ಲವಂತೆ.

ಹೆರಿಯ ನನ್ನನ್ನು ನೋಡಿ ಮೊದಲು ನಕ್ಕ. “ಎಂತ ಹೆಣೆ, ನನ್ನ ಮಿಲಿಟ್ರಿಗೆ ಸೇರ್ಸ್ತ್ಯಾ?”

“ಹ್ವಾಯ್, ಮಾತ್ ಸಾಕ್. ಕಾಲ್ ಹಾಕಿ ಕಾಂಬ.”

ಹಾಕಿದ. ಆ ಪಾದವನ್ನು ನಾನು ಮುಟ್ಟಿ ನೋಡಿದ್ದೇನೆ, ಮೂಲಂಗಿಯ ಹಾಗೆ ತಣ್ಣಗಿತ್ತು. ನಾನು ಅದನ್ನು ಬಿಗಿಯಾಗಿ ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಹೆಬ್ಬೆರಳು ಅಲ್ಲಾಡಿತು.

ರಜೆ ಮುಗಿದು ಆಗಸ್ಟಿನಲ್ಲಿ ಬೋಟು ಕಡಲಿಗೆ ಇಳಿಯುವ ದಿನ ಹೆರಿಯ ಒಂದು ತಪ್ಪು ಮಾಡಿದ. ನನ್ನನ್ನು ಮನೆಯಿಂದಲೇ ತೊಟ್ಟುಕೊಂಡು ಹೊರಟ. ರಸ್ತೆ ತುಳಿದು, ಪೇಟೆ ದಾಟಿ, ಮದುಮಗನ ಹಾಗೆ ಬಂದರಿನಲ್ಲಿ ಬೋಟು ಕಟ್ಟುವ ದಕ್ಕೆಗೆ ಬಂದ. “ಹೆರಿಯಂಗ್ ಆನಿಕಾಲ್ ರೋಗ ಬಂತಂಬ್ರ್!” ಎಂದು ಜನ ನಕ್ಕರು. ಅವನು ಯಾರಿಗೂ ಜಗ್ಗಲಿಲ್ಲ. ಬೋಟಿಗೆ ಹಾಕಿದ ಹಲಗೆಯ ಮೇಲೆ ನನ್ನ ಬಲಪಾದ ಇಟ್ಟನೋ ಇಲ್ಲವೋ, ಸಿಡಿಲು ಬಡಿದ ಹಾಗೆ ಒಂದು ದನಿ ಬಂತು.

“ಹೇಯ್! ನಿಲ್ಲಾ ಅಲ್ಲೇ! ಚಪ್ಲಿ ಹಾಕ್ಕಂಡ್ ಬೋಟ್ ಹತ್ತುದಾ? ನಿಂಗ್ ತಲಿ ಸಮ ಇತ್ತಾ?”

ಅವನೇ ಶೀನ ತಾಂಡೇಲ, ಬೋಟಿನ ಮುಖ್ಯಸ್ಥ. ಮೀನುಗಾರರಿಗೆ ಬೋಟೆಂದರೆ ದೇವರ ಗುಡಿ ಇದ್ದಂತೆ. ಹತ್ತುವಾಗ ಚಪ್ಪಲಿ ದಡದಲ್ಲೇ ಬಿಡಬೇಕು, ತೊಗಲಂತೂ ಮೈಲಿಗೆ. ಗಮ್‌ಬೂಟು ಹಾಕಿಕೊಳ್ಳುವ ಬೋಟುಗಳು ಬೇರೆ ಇದ್ದವು. ಶೀನ ತಾಂಡೇಲನ ಬೋಟಿನಲ್ಲಿ ಅದೂ ಇಲ್ಲ. ಅವನು ಹಾರಿ ಬಂದು ನನ್ನ ಎಡದ್ದನ್ನು ಹೆರಿಯನ ಕಾಲಿನಿಂದ ಕಿತ್ತು ದಕ್ಕೆಯ ಕೆಳಗಿನ ಹೊಳೆಗೆ ಎಸೆದ.

ನಾನು ಮುಳುಗಲಿಲ್ಲ. ಒಳಗೆ ಗಾಳಿ ಇದೆಯಲ್ಲ! ಬಾತುಕೋಳಿಯ ಹಾಗೆ ತೇಲುತ್ತಾ ನಿಂತೆ. ದಕ್ಕೆಯಲ್ಲಿದ್ದ ಗುಲಾಬಿ ಬಿದಿರಿನ ಗಳ ಕಸಿದುಕೊಂಡು ನನ್ನನ್ನು ದಡಕ್ಕೆಳೆದಳು. ನೀರು ಸುರಿಯುತ್ತಿದ್ದ ನನ್ನನ್ನು ಎತ್ತಿ ಹಿಡಿದು ತಾಂಡೇಲನ ಮೂಗಿನ ಮುಂದೆ ನಿಂತಳು.

“ಶೀನಣ್ಣ, ಮುಟ್ಟಿ ಕಾಣಿ. ಇದ್ರಂಗೆ ತೊಗಲ್ ಇತ್ತಾ?”

“ತೊಗಲಿಲ್ದಿದ್ರೆ ಎಂತಾಯ್ತ್? ರಸ್ತಿ ಮೇಲಿನ್ ಹೊಲಸೆಲ್ಲ ತುಳ್ಕಂಡ್ ಬಂತಲೆ!”

ಗುಲಾಬಿ ಬೋಟಿನ ಪಕ್ಕೆಯತ್ತ ಕೈ ತೋರಿಸಿದಳು. ಬೋಟು ದಕ್ಕೆಗೆ ಬಡಿಯದಂತೆ ಎಲ್ಲ ಬೋಟುಗಳ ಹೊರಮೈಗೆ ಹಳೇ ಟೈಯರು ಕಟ್ಟಿರುತ್ತಾರೆ. ಅಲ್ಲೂ ಒಂದು ನೇತಾಡುತ್ತಿತ್ತು.

“ಹಾಂಗಾರೆ ಆ ಟೈಯರ್ ಎಲ್ಲಿದ್?”

“ಲಾರಿದ್.”

“ಆ ಲಾರಿ ಎಂತ, ಆಕಾಶದಂಗ್ ಓಡ್ತಿತ್ತಾ?”

ದಕ್ಕೆಯಲ್ಲಿದ್ದವರು ಗೊಳ್ಳೆಂದು ನಕ್ಕರು. ತಾಂಡೇಲನ ಕಿವಿ ಕೆಂಪಾಯಿತು.

“ಊರೂರ್ ಸಗಣಿ ತುಳ್ದ್ ಟೈಯರಿಗೆ ನೀವ್ ಪೂಜಿ ದಿವ್ಸ ಹೂಂಗಿನ್ ಮಾಲಿ ಹಾಕ್ತ್ರಿ. ನನ್ ಗಂಡನ್ ಕಾಲ್ ಉಳ್ಸು ರಬ್ಬರ್ ನಿಮ್ಗ್ ಆತಿಲ್ಯಾ?”

“ಟೈಯರ್ ಹೊರ್ಗ್ ನೇತಾಡುದ್ ಗುಲಾಬಿ. ಬೋಟಿನ್ ಒಳ್ಗ್ ಕಾಲ್ ಇಡುದಿಲ್ಲೆ,” ಎಂದು ತಾಂಡೇಲ ಗೆದ್ದವನ ಹಾಗೆ ಎದೆಯುಬ್ಬಿಸಿದ.

“ಆಯ್ತಲೆ! ಇದೂ ಹೊರ್ಗೇ ನೇತಾಡ್ಲಿ!” ಅವಳು ಹೆರಿಯನ ಕಾಲಿನಿಂದ ನನ್ನ ಬಲದ್ದನ್ನೂ ಕಳಚಿ, ಅಲ್ಲೇ ಬಿದ್ದಿದ್ದ ಹಗ್ಗದ ತುಂಡಿನಿಂದ ನನ್ನನ್ನು ಜೊತೆ ಮಾಡಿ ಬಿಗಿದು ಟೈಯರಿನ ಪಕ್ಕದಲ್ಲಿ ಕಟ್ಟಿಬಿಟ್ಟಳು. “ಅವ್ರ್ ಬರಿಗಾಲಂಗೇ ಬೋಟ್ ಹತ್ತುತ್ರ್. ಐಸಿನ್ ಕೋಣಿ ಬಾಯಂಗೆ ಕಾಲ್ ಇಳ್ಸಿ ಕೂಕಂಡ್ ಇದನ್ನ್ ಹಾಕ್ಕಂತ್ರ್. ಮೇಲ್ ಬಪ್ಪತಿಗೆ ತೆಗ್ದ್ ಮತ್ತೆ ಹೊರ್ಗ್ ಕಟ್ತ್ರ್. ನಿಮ್ ಹಲ್ಗಿಗೆ ಇದ್ ತಾಗುದಿಲ್ಲೆ. ಇನ್ನೆಂತ ಆಯ್ಕ್?”

ತಾಂಡೇಲ ತಲೆ ಕೆರೆದುಕೊಂಡ. ಸೋಲು ಒಪ್ಪಿಕೊಳ್ಳುವುದಕ್ಕೂ ಒಂದು ನೆಪ ಬೇಕಲ್ಲ. “ಮೊದ್ಲ್ ಉಪ್ಪುನೀರಂಗೆ ತೊಳಿಕ್ ಅದನ್ನ್,” ಎಂದ.

“ಈಗ ನೀವೇ ತೊಳ್ದ್ರಿ ಅಲ್ದಾ, ಹೊಳಿಗ್ ಬಿಸಾಕಿ!”

ಈ ಸಲ ತಾಂಡೇಲನೂ ನಕ್ಕುಬಿಟ್ಟ. ಹೆರಿಯ ಬರಿಗಾಲಲ್ಲಿ ಹಲಗೆ ಹತ್ತಿದ. ಹೊಳೆ ಸಮುದ್ರ ಸೇರುವ ಅಳಿವೆ ದಾಟಿ ಬೋಟು ಕಡಲಿಗೆ ಬಿತ್ತು.

ಟೈಯರಿನ ಜೊತೆ ನೇತಾಡುವುದು ಸುಖದ ಕೆಲಸವಲ್ಲ. ಪ್ರತಿ ಅಲೆಯೂ ಮುಖಕ್ಕೆ ಹೊಡೆಯುತ್ತಿತ್ತು. ಆದರೆ ಹೆರಿಯ ಕೆಳಗಿಳಿಯುವ ಹೊತ್ತಿಗೆ ಜೊತೆಯವನೊಬ್ಬ ಹಗ್ಗ ಎಳೆದು ನನ್ನನ್ನು ಗಾಳಿಯಲ್ಲೇ ಸಾಗಿಸಿ ಕೋಣೆಯ ಬಾಯಲ್ಲಿ ಕೂತ ಹೆರಿಯನ ಪಾದಕ್ಕೆ ಮುಟ್ಟಿಸುತ್ತಿದ್ದ. ಸೈನ್ಯದ ಅಧಿಕಾರಿಗೂ ಅಂಥ ಸವಾರಿ ಸಿಕ್ಕಿರಲಿಕ್ಕಿಲ್ಲ.

ಕೋಣೆಯೊಳಗೆ ಕಾಲಿಟ್ಟಾಗ ನನಗೆ ತವರಿಗೆ ಬಂದ ಹಾಗಾಯಿತು. ಸುತ್ತ ಮಂಜುಗಡ್ಡೆ, ಮಂಜುಗಡ್ಡೆ! ಒಂದೇ ವ್ಯತ್ಯಾಸ. ಅಲ್ಲಿ ತಪನ್ ಮಂಜುಗಡ್ಡೆಯಿಂದ ಮೀನು ತೆಗೆಯುತ್ತಿದ್ದ, ಇಲ್ಲಿ ಹೆರಿಯ ಮೀನನ್ನು ಮಂಜುಗಡ್ಡೆಗೆ ಹಾಕುತ್ತಿದ್ದ.

ಆ ಸಲ ಬಲೆಗೆ ರಾಣಿಮೀನು ಬಿತ್ತು ನೋಡಿ, ಬೋಟಿನ ಮೇಲೆ ಕಾಲಿಡಲು ಜಾಗವಿಲ್ಲ. ಬಿಸಿಲು ಸುಡುತ್ತಿತ್ತು. ಬೇಗ ಐಸಿಗೆ ಹಾಕದಿದ್ದರೆ ಎಲ್ಲ ಕೊಳೆತು ಸಮುದ್ರಕ್ಕೇ ಚೆಲ್ಲಬೇಕು. ಹೆರಿಯನ ನೆರವಿಗೆ ಇಳಿದವನು ಸ್ವಲ್ಪ ಹೊತ್ತಿಗೇ ಕಾಲು ಮರಗಟ್ಟಿ ಮೇಲೆ ಹತ್ತಿದ. ಇನ್ನೊಬ್ಬ ಇಳಿದ, ಅವನೂ ಹತ್ತಿದ. ಕೊನೆಗೆ ಶೀನ ತಾಂಡೇಲನೇ ಲುಂಗಿ ಎತ್ತಿ ಕಟ್ಟಿ, “ಸರಿ ಮಾರಾಯ ಬದಿಗೆ,” ಎಂದು ಬರಿಗಾಲಲ್ಲಿ ಧುಮುಕಿದ. ನಾಲ್ಕು ಬುಟ್ಟಿ ಸುರಿಯುವಷ್ಟರಲ್ಲಿ ಕೊಕ್ಕರೆಯ ಹಾಗೆ ಒಂದು ಕಾಲೆತ್ತಿ ನಿಂತ. ಆಮೇಲೆ ಇನ್ನೊಂದು ಕಾಲು. ಆಮೇಲೆ ಎರಡನ್ನೂ ಎತ್ತಲು ನೋಡಿದ.

“ಎಂತ ಶೀನಣ್ಣ, ಕುಣಿತ್ರ್ಯಾ?” ಎಂದ ಹೆರಿಯ.

“ಬಾಯ್ ಮುಚ್ಚ್!” ಎಂದ ತಾಂಡೇಲ ಏಣಿ ಹಿಡಿದು. ಎರಡು ಮೆಟ್ಟಿಲು ಹತ್ತಿದವನು ತಿರುಗಿ ಕೆಳಗೆ ನೋಡಿದ. ಹೆರಿಯ ಮೊಣಕಾಲಿನವರೆಗೆ ಮಂಜುಗಡ್ಡೆಯಲ್ಲಿ ಕಂಬದ ಹಾಗೆ ನಿಂತಿದ್ದ. ಅವನ ಕೈ ಮೀನು ಜೋಡಿಸುತ್ತಲೇ ಇತ್ತು. “ಅಷ್ಟ್ ವರ್ಷ ಹ್ಯಾಂಗ್ ನಿಂತ್ಯಾ ಬರಿಗಾಲಂಗೆ?” ಎಂದು ತಾಂಡೇಲ ಕೇಳಿದ. ಆ ದನಿಯಲ್ಲಿ ಗದರಿಕೆ ಇರಲಿಲ್ಲ. ಹೆರಿಯ ಇನ್ನೊಂದು ಬುಟ್ಟಿ ಬಿಡಲು ಹೇಳಿದ.

ಒಂದು ಮೀನೂ ಕೆಡಲಿಲ್ಲ. ಬೋಟು ತುಂಬಿಕೊಂಡು ದಕ್ಕೆಗೆ ಬಂದಾಗ ಗುಲಾಬಿ ಮೀನನ್ನು ನೋಡಲೇ ಇಲ್ಲ. ಗಂಡನನ್ನು ಮೀನಿನ ಪೆಟ್ಟಿಗೆಯ ಮೇಲೆ ಕೂರಿಸಿ, ಪಾದ ತನ್ನ ಮಡಿಲಿಗೆ ತೆಗೆದುಕೊಂಡು, ಒಂದೊಂದೇ ಬೆರಳು ಹಿಸುಕಿ ನೋಡಿದಳು. ಹಿಸುಕಿದ ಕಡೆ ಬೆಳ್ಳಗಾಗಿ ಮತ್ತೆ ಕೆಂಪಾಯಿತು. ರಕ್ತ ಓಡುತ್ತಿತ್ತು. ಆ ಋತು ಮುಗಿಯುವಾಗ ಡಾಕ್ಟರೇ ಬೆರಳು ಕತ್ತರಿಸುವ ಮಾತು ಬಿಟ್ಟರು.

ಅದಕ್ಕೂ ಮೊದಲು, ಆಯುಧಪೂಜೆಯ ದಿನ ಶೀನ ತಾಂಡೇಲ ಎಂಜಿನಿಗೆ ಕುಂಕುಮ ಹಚ್ಚಿದ, ಬಲೆಗೆ ಹಚ್ಚಿದ, ಟೈಯರಿಗೆ ಹಚ್ಚಿದ. ಆಮೇಲೆ ನನ್ನ ಮುಂದೆ ಬಂದು ಒಂದು ಗಳಿಗೆ ನಿಂತ. ಸುತ್ತ ಯಾರು ನೋಡುತ್ತಿದ್ದಾರೆ ಎಂದು ನೋಡಿದ. ಎಲ್ಲರೂ ನೋಡುತ್ತಿದ್ದರು. ನನ್ನ ಎಡಕ್ಕೊಂದು, ಬಲಕ್ಕೊಂದು ಬೊಟ್ಟಿಟ್ಟು ಸೇವಂತಿಗೆ ಸಿಕ್ಕಿಸಿದ. ಲೋಕದಲ್ಲಿ ಬೂಟು ಎಂಬ ಜಾತಿಗೆ ಅಂಥ ಗೌರವ ಸಿಕ್ಕಿದ್ದರೆ ತಂದು ತೋರಿಸಿ, ಆಮೇಲೆ ನನ್ನ ಹತ್ತಿರ ಮಾತಾಡಿ.

ಮುಂದಿನ ಸಂತೆಗೆ ತಾಂಡೇಲನೇ ಹೋಗಿ ಇಮ್ತಿಯಾಜನ ಗೋಣಿಯನ್ನು ಬರಿದು ಮಾಡಿಕೊಂಡು ಬಂದ. ಈಗ ಗಂಗೊಳ್ಳಿಯ ಎಷ್ಟೋ ಬೋಟುಗಳ ಪಕ್ಕೆಯಲ್ಲಿ ಟೈಯರಿನ ಜೊತೆ ಬಿಳಿ ಬೂಟು ನೇತಾಡುತ್ತದೆ. ಹೊಸಬರು ಕಂಡು ನಗುತ್ತಾರೆ. ಐಸಿನ ಕೋಣೆಗೆ ಒಮ್ಮೆ ಇಳಿದು ಬಂದವರು ನಗುವುದಿಲ್ಲ.

ನನಗೀಗ ವಯಸ್ಸಾಯಿತು. ಉಪ್ಪುನೀರಿಗೆ ರಬ್ಬರು ಬಿರಿದಿದೆ, ನಡುವಿನ ಗಾಳಿ ಸೋರಿಹೋಗಿದೆ. ಹೆರಿಯ ಬೇರೆ ಜೊತೆ ಹಾಕಿಕೊಳ್ಳುತ್ತಾನೆ. ನಾನು ದಕ್ಕೆಯ ಪಕ್ಕದ ಬಲೆ ಕೊಟ್ಟಿಗೆಯ ಮೂಲೆಯಲ್ಲಿದ್ದೇನೆ. ನನ್ನನ್ನು ಎಸೆಯಲು ಬಂದವನಿಗೆ ಗುಲಾಬಿ ಹೇಳಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಬೇಸರವೇ? ಯಾಕೆ ಬೇಸರ? ಯುದ್ಧಕ್ಕೆಂದು ಮಾಡಿದ ನನ್ನಿಂದ ಯಾರಿಗೂ ಒಂದು ಗಾಯವಾಗಲಿಲ್ಲ. ರದ್ದು ಎಂದು ಮುದ್ರೆ ಒತ್ತಿದವರಿಗೆ ನನ್ನ ಕೆಲಸ ಎಲ್ಲಿದೆ ಎಂದೇ ಗೊತ್ತಿರಲಿಲ್ಲ; ಗುಲಾಬಿಗೆ ಗೊತ್ತಿತ್ತು.

ಬೋಟು ಹೊರಡುವ ಮುಂಜಾನೆ ನಾನು ಕಿವಿಗೊಟ್ಟು ಕೂರುತ್ತೇನೆ. ಎಷ್ಟೋ ಕಾಲುಗಳು ಹಲಗೆ ಹತ್ತುತ್ತವೆ. ಅವುಗಳಲ್ಲಿ ಒಂದು ಜೊತೆಯ ಸದ್ದು ನನಗೆ ಗೊತ್ತು. ಹತ್ತೂ ಬೆರಳನ್ನು ಅಗಲಿಸಿ, ಹಲಗೆಯನ್ನು ಗಟ್ಟಿಯಾಗಿ ಕಚ್ಚಿ ಹಿಡಿದು, ಬರಿಗಾಲಲ್ಲಿ ಹೆರಿಯ ಬೋಟು ಹತ್ತುತ್ತಾನೆ.