ಎರಡು ಪ್ರತಿಕ್ರಿಯೆ, ಒಂದು ಸಾಕ್ಷಿ

ತೀರ್ಪು ಬರುವುದಕ್ಕೆ ಮೂರು ದಿನ ಮೊದಲೇ ನಾನು ತೀರ್ಪಿಗೆ ಪ್ರತಿಕ್ರಿಯೆ ಕೊಟ್ಟಾಗಿತ್ತು. ಒಂದಲ್ಲ, ಎರಡು.

ತಪ್ಪು ನನ್ನೊಬ್ಬಳದೇ ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಸಾಹಸ ಕಲಾವಿದನೊಬ್ಬನನ್ನು ಹೊಡೆದು ಕೊಂದ ಆರೋಪದ ಮೇಲೆ ನಟ ಮೃಗೇಂದ್ರ ಜೈಲು ಸೇರಿ ಎರಡು ವರ್ಷವಾಗಿತ್ತು. ಶನಿವಾರ ತೀರ್ಪು. ಬೆಂಗಳೂರಿನ ಸುದ್ದಿ ವಾಹಿನಿಯೊಂದರ ವರದಿಗಾರ ಸಂದೀಪ್ ಎಂಬಾತ ನಮ್ಮ ಶಂಕರನಿಗೆ ಫೋನ್ ಮಾಡಿ, ಲಂಡನ್ ಕನ್ನಡಿಗರ ಮಾತು ಬೇಕು ಅಂದ. ಆ ಗದ್ದಲದಲ್ಲಿ ಲೈನ್ ಸಿಗುತ್ತದೋ ಇಲ್ಲವೋ, ಆದ್ದರಿಂದ ಬಿಡುಗಡೆಯಾದರೆ ಒಂದು, ಶಿಕ್ಷೆಯಾದರೆ ಒಂದು, ಎರಡನ್ನೂ ಈಗಲೇ ಮಾತಾಡಿ ಕಳಿಸಿಬಿಡಿ ಎಂದನಂತೆ. ಶಂಕರ ಎಂದರೆ ಸ್ಟ್ಯಾನ್ಮೋರ್‌ನಲ್ಲಿ ದೊಡ್ಡ ಮನೆ, ದೊಡ್ಡ ಕಾರು, ಎಲ್ಲಕ್ಕಿಂತ ದೊಡ್ಡ ಗಂಟಲು ಇರುವ ಮೃಗೇಂದ್ರ ಅಭಿಮಾನಿ ಬಳಗದ ಅಧ್ಯಕ್ಷ. ಬುಧವಾರ ಸಂಜೆ ಪಿನ್ನರ್‌ನ ಕಾರ್ ಪಾರ್ಕಿನಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಮೊಬೈಲ್ ಹಿಡಿದ.

ನಾನು ಹಸಿರು ಕುರ್ತಾ ಹಾಕಿಕೊಂಡು ಹೋಗಿದ್ದೆ. ಎರಡನ್ನೂ "ಸತ್ಯಕ್ಕೆ ಜಯ ಸಿಕ್ತು" ಎಂದೇ ಶುರು ಮಾಡಿದೆ. ಶಿಕ್ಷೆಯದ್ದರಲ್ಲಿ "ಕಾನೂನಿನ ಮುಂದೆ ಎಲ್ಲರೂ ಒಂದೇ" ಅಂದೆ. ಬಿಡುಗಡೆಯದ್ದರಲ್ಲಿ ಸ್ವಲ್ಪ ಜೋಶ್ ಬಂದುಬಿಟ್ಟಿತು. ಮೃಗೇಂದ್ರನ ವಿರುದ್ಧ ಸಾಕ್ಷಿ ಹೇಳಿದ್ದ ಅವನದೇ ಡ್ರೈವರನನ್ನು ಹಿಡಿದುಕೊಂಡೆ. "ಆ ಡ್ರೈವರ್ ವೀರಣ್ಣ ಉಂಡ ಮನೆ ಜಂತೆ ಎಣಿಸಿದೋನು. ಅವನ ಸುಳ್ಳು ಇವತ್ತು ಬಯಲಾಯ್ತು!" ಎಂದೆ. ಎಲ್ಲರೂ ಚಪ್ಪಾಳೆ ಹೊಡೆದರು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಗುರುವಾರ ಶಿವಕ್ಕ ನನ್ನ ಮನೆಗೆ ಬಂದರು. ಪಕ್ಕದ ಬೀದಿಯವರು, ವಿಜಯಪುರದ ಕಡೆಯವರು, ಮಗ ಸುಶಾಂತನ ಜೊತೆ ಇದ್ದಾರೆ. ನಾಲ್ಕು ವರ್ಷದಿಂದ ದಿನಾ ಪಾರ್ಕಿನಲ್ಲಿ ಜೊತೆಗೆ ನಡೆಯುತ್ತೇವೆ. ನನ್ನ ಬಾಯಿಗೆ ಅವರ ಕಿವಿ ಸರಿಯಾದ ಜೋಡಿ. ಅವತ್ತು ಮಾತ್ರ ಅವರೇ ಮಾತಾಡಿದರು.

"ತಂಗಿ, ಯಾರ ಮುಂದೂ ಹೇಳಬ್ಯಾಡ ಅಂತ ಸುಶಾಂತ ಆಣಿ ಹಾಕ್ಯಾನ. ಆ ಡ್ರೈವರ್ ವೀರಣ್ಣ ನನ್ನ ತಮ್ಮ. ಹನ್ನೊಂದು ಮಂದಿ ಸಾಕ್ಷಿಯೊಳಗ ಹತ್ತು ಮಂದಿ ಉಲ್ಟಾ ಹೊಡದ್ರು, ಇವನೊಬ್ಬನ ನಿಂತ. ಕೆಲಸ ಹೋತು, ಮನಿಗೆ ಕಲ್ಲು ಬಿದ್ವು. ಆ ಮನಷ್ಯಾ ಹೊರಗ ಬಂದಾ ಅಂದ್ರ ನಮ್ಮ ತಮ್ಮನ್ನ ಊರಾಗ ಇರಗೊಡೂದಿಲ್ಲ. ಶನಿವಾರ ಒಬ್ಬಾಕಿನ ಟಿವಿ ನೋಡಾಕ ಎದಿ ಇಲ್ಲ ನನಗ. ನೀ ಎಲ್ಲಿ ನೋಡ್ತೀ ಅಲ್ಲೇ ನಿನ್ನ ಬಾಜೂಕ ಕುಂದರ್ತೀನಿ."

ಅವರು ಅತ್ತ ಹೋದ ಕೂಡಲೇ ಸಂದೀಪನಿಗೆ ಫೋನ್ ಮಾಡಿದೆ. "ನನ್ನ ಬಿಡುಗಡೆದು ಅಳಿಸಿಬಿಡಪ್ಪ" ಎಂದೆ. "ಡೋಂಟ್ ವರಿ ಮೇಡಂ, ಆಯ್ತು ಅಂದ್ಕೊಳ್ಳಿ" ಎಂದ. ಅಂದುಕೊಂಡೆ. ಶಿವಕ್ಕನಿಗೆ ಮಾತ್ರ ಹೇಳಲಿಲ್ಲ. ಹೇಡಿತನ, ಇನ್ನೇನು.

ಶನಿವಾರ ರೇನರ್ಸ್ ಲೇನ್‌ನ ದೋಸೆ ಹೋಟೆಲಿನ ಮೇಲಿನ ಹಾಲ್ ಕಿಕ್ಕಿರಿದಿತ್ತು. ಬೆಂಗಳೂರಿನಲ್ಲಿ ಮಧ್ಯಾಹ್ನ ಮೂರು, ನಮಗೆ ಬೆಳಗ್ಗೆ ಹತ್ತೂವರೆ. ಗೋಡೆಯ ಟಿವಿಯಲ್ಲಿ ನಾಲ್ಕು ಜನ ಒಟ್ಟಿಗೆ ಕಿರುಚುತ್ತಿದ್ದರು, ಹಾಲ್‌ನಲ್ಲಿ ನಲವತ್ತು. ಶಂಕರ ಆಳೆತ್ತರದ ಮೃಗೇಂದ್ರನ ಕಟೌಟ್ ತಂದಿದ್ದ, ಅಭಿಷೇಕಕ್ಕೆ ಐದು ಕ್ಯಾನ್ ಹಾಲು. ಕಾರ್ಪೆಟ್ ಹಾಳಾದೀತು ಎಂದು ಹೋಟೆಲಿನವರು ಕಟೌಟನ್ನು ಮಕ್ಕಳ ಈಜುವ ಟಬ್ಬಿನಲ್ಲಿ ನಿಲ್ಲಿಸಿದ್ದರು. ಒಂದು ಮೂಲೆಯಲ್ಲಿ ಮೈಸೂರು ಪಾಕಿನ ಡಬ್ಬಗಳು. "ಶಿಕ್ಷೆ ಆದ್ರೆ ಅದನ್ನ ಏನು ಮಾಡ್ತೀಯ?" ಎಂದು ಕೇಳಿದೆ. "ನ್ಯಾಯ ಸಿಕ್ತು ಅಂತ ಹಂಚೋದು. ಸ್ವೀಟ್ ವೇಸ್ಟ್ ಮಾಡಕ್ಕಾಗುತ್ತಾ ಮೇಡಂ?" ಎಂದ.

ಶಿವಕ್ಕ ಹಿಂದಿನ ಸಾಲಿನಲ್ಲಿ ನನ್ನ ಮಣಿಕಟ್ಟು ಹಿಡಿದು ಕೂತಿದ್ದರು.

ಹತ್ತು ಮೂವತ್ತೇಳಕ್ಕೆ ಪರದೆ ಪೂರ್ತಿ ಕೆಂಪಾಯಿತು. ಖುಲಾಸೆ! ಖುಲಾಸೆ! ಖುಲಾಸೆ!

ಹಾಲ್ ಹಾರಿಹೋಗುವಂತೆ ಕೂಗೆದ್ದಿತು. ಕುರ್ಚಿಗಳು ಉರುಳಿದವು. ಶಂಕರ ಹಾಲಿನ ಕ್ಯಾನ್ ಎತ್ತಿ ಕಟೌಟಿನ ನೆತ್ತಿಗೆ ಸುರಿದ, ಅರ್ಧ ಅವನ ಮೈಗೇ ಬಿತ್ತು. ಯಾರೋ ಶಿಳ್ಳೆ ಹೊಡೆದರು, ಯಾರೋ ಅತ್ತರು. ಶಿವಕ್ಕನ ಕೈ ನನ್ನ ಮಣಿಕಟ್ಟಿನಿಂದ ಜಾರಿತು. "ಮುಗೀತು" ಎಂದಷ್ಟೇ ಅಂದರು.

ಅಷ್ಟರಲ್ಲಿ ಟಿವಿಯಲ್ಲಿ ಹಸಿರು ಕುರ್ತಾ ಕಾಣಿಸಿತು. ಕೆಳಗೆ "ಕೃಷ್ಣವೇಣಿ, ಲಂಡನ್" ಎಂದು ಹೆಸರು. "ಸತ್ಯಕ್ಕೆ ಜಯ ಸಿಕ್ತು! ಆ ಡ್ರೈವರ್ ವೀರಣ್ಣ ಉಂಡ ಮನೆ ಜಂತೆ..."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಾಲ್‌ನಲ್ಲಿದ್ದ ಎಲ್ಲರೂ ತಿರುಗಿ ನನಗೆ ಚಪ್ಪಾಳೆ ಹೊಡೆದರು. ಶಿವಕ್ಕ ಒಮ್ಮೆ ಪರದೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಬೈದಿದ್ದರೆ ಬದುಕುತ್ತಿದ್ದೆ. ಅವರು ಸೆರಗು ಸರಿಮಾಡಿಕೊಂಡು ಎದ್ದು, ಮೆಟ್ಟಿಲಿನ ಕಡೆ ಹೊರಟರು.

"ಶಿವಕ್ಕ, ಕೇಳಿ ಇಲ್ಲಿ, ಅದು ನೀವು ಹೇಳೋಕ್ ಮುಂಚೆ..." ಎನ್ನುತ್ತಾ ಜನರ ಮಧ್ಯೆ ನುಗ್ಗಿ ಅವರ ಹಿಂದೆ ಓಡಿದೆ. ಬಾಗಿಲ ಬಳಿ ಅವರ ತೋಳು ಸಿಕ್ಕಿತು. ಆಗಲೇ ನಮ್ಮ ಬೆನ್ನ ಹಿಂದೆ ಕೂಗು ನಿಂತುಹೋಯಿತು.

ನಿರೂಪಕ ಬೆವರು ಒರೆಸಿಕೊಳ್ಳುತ್ತಿದ್ದ. ಖುಲಾಸೆಯಾಗಿದ್ದು ಮೃಗೇಂದ್ರ ಅಲ್ಲ, ಅದೇ ಕೇಸಿನ ನಾಲ್ಕನೇ ಆರೋಪಿ, ಅವನ ಅಡುಗೆಯವ. ನ್ಯಾಯಾಧೀಶರು ಅವನದನ್ನು ಮೊದಲು ಓದಿದ್ದರು, ವಾಹಿನಿಯವರು ನಾವೇ ಮೊದಲು ಎಂದು ಓಡಿಬಂದು ಕೂಗಿದ್ದರು. ಪರದೆ ಮತ್ತೆ ಕೆಂಪಾಯಿತು: ಮೃಗೇಂದ್ರ ತಪ್ಪಿತಸ್ಥ. ಅದರ ಕೆಳಗೆ ಇನ್ನೊಂದು ಸಾಲು: ಡ್ರೈವರ್ ವೀರಣ್ಣನ ಸಾಕ್ಷ್ಯ ನಂಬಲರ್ಹ ಎಂದ ನ್ಯಾಯಾಲಯ.

ಶಿವಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಟಿವಿಯಲ್ಲಿ ಮತ್ತೆ ನಾನು. ಅದೇ ಕುರ್ತಾ, ಅದೇ ನಗು. "ಸತ್ಯಕ್ಕೆ ಜಯ ಸಿಕ್ತು! ಕಾನೂನಿನ ಮುಂದೆ ಎಲ್ಲರೂ ಒಂದೇ!"

ಈ ಸಲ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹಾಲಿನಲ್ಲಿ ತೊಯ್ದ ಶಂಕರ ಮೈಸೂರು ಪಾಕಿನ ಡಬ್ಬ ತೆರೆದು, ಯಾರ ಮುಂದೆ ಹಿಡಿಯಬೇಕೆಂದು ತಿಳಿಯದೆ ನಿಂತಿದ್ದ. ಅವನ ಇನ್ನೊಂದು ಕೈಯಲ್ಲಿದ್ದ ಮೊಬೈಲಿನಿಂದ ಸಂದೀಪ್ ಅರಚುತ್ತಿದ್ದ. "ಲೈವ್‌ನಲ್ಲಿದ್ದೀವಿ! ಲಂಡನ್ನಿಂದ ಯಾರಾದ್ರೂ ಮಾತಾಡ್ರೀ!"

ನಾನು ವಾಪಸ್ ನುಗ್ಗಿ ಮೊಬೈಲ್ ಕಿತ್ತುಕೊಂಡೆ. "ಅಳಿಸ್ತೀನಿ ಅಂದಿದ್ದಲ್ಲೋ! ನೀನೂ ಸುಳ್ಳ, ನಾನೂ ಸುಳ್ಳಿ! ಆ ಎರಡು ಮಾತೂ ನಾನು ಬುಧವಾರವೇ ಆಡಿಟ್ಟಿದ್ದು!" ಎಂದು ಕೂಗಿದೆ. ಮುಂದೆ ಇನ್ನೂ ಏನೇನು ಅನ್ನುತ್ತಿದ್ದೆನೋ. ಶಿವಕ್ಕ ಹಿಂದೆಯೇ ಬಂದು ನನ್ನ ಕೈಯಿಂದ ಮೊಬೈಲನ್ನು ಮೆಲ್ಲಗೆ ತೆಗೆದುಕೊಂಡರು.

"ನಾ ಶಿವಕ್ಕ ಅಂತ. ಆ ಡ್ರೈವರ್ ವೀರಣ್ಣನ ಅಕ್ಕ."

ಸಂದೀಪನ ದನಿ ಒಮ್ಮೆಗೇ ಜೇನಾಯಿತು. "ಅಮ್ಮಾ, ತೀರ್ಪಿನ ಬಗ್ಗೆ ನಿಮ್ಮ ಪ್ರತಿಕ್ರಿಯೆ?"

"ಪ್ರತಿಕ್ರಿಯಾ ಇಲ್ಲಿ ಎಲ್ಲಾರ ಹತ್ರಾನೂ ಎರಡೆರಡು ಅದಾವಪಾ, ಅವರನ್ನ ಕೇಳು. ಸಾಕ್ಷಿ ಹೇಳಾಕ ಹನ್ನೊಂದು ಮಂದಿ ಹೋಗಿದ್ರು. ಹತ್ತು ಮಂದೀನೂ ಎರಡೆರಡು ಮಾತು ಹೇಳಿ ಬಂದ್ರು. ನಮ್ಮ ವೀರಣ್ಣ ಒಂದ ಹೇಳಿದ."

ಅಷ್ಟು ಹೇಳಿ ಮೊಬೈಲನ್ನು ಶಂಕರನಿಗೆ ಕೊಟ್ಟರು. ಅವನು ಅದನ್ನು ಆಫ್ ಮಾಡಿದ. ಶಂಕರ ಏನನ್ನಾದರೂ ತಾನಾಗಿ ಆಫ್ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಗ ಶಿವಕ್ಕನ ಸ್ವಂತ ಫೋನು ಬಡಿದುಕೊಂಡಿತು. ಪರದೆಯ ಮೇಲೆ ನರೆತ ಗಡ್ಡದ, ಬಡಕಲು ಮುಖ. ಅಳುತ್ತಿತ್ತೋ ನಗುತ್ತಿತ್ತೋ ತಿಳಿಯಲಿಲ್ಲ. "ಅಕ್ಕಾ! ಅಕ್ಕಾ, ಕೇಳಿದಿ? ನನ್ನ ಮಾತು ನಂಬ್ಯಾರಕ್ಕಾ!" ಶಿವಕ್ಕ ಈಗ ಅತ್ತರು, ಗಟ್ಟಿಯಾಗಿ, ಹಾಲ್‌ಗೆಲ್ಲ ಕೇಳುವಂತೆ. ಎರಡು ವರ್ಷ ಮೃಗೇಂದ್ರನಿಗಾಗಿ ಕೂಗಿದ್ದ ನಾನು ಅವನನ್ನು ಆ ಗಳಿಗೆಯಲ್ಲಿ ಮರೆತೇಬಿಟ್ಟಿದ್ದೆ.

ಕಣ್ಣೊರೆಸಿಕೊಂಡು ಶಿವಕ್ಕ ಫೋನನ್ನು ನನ್ನತ್ತ ಚಾಚಿದರು.

"ಹಿಡಿ ತಂಗಿ. ಟಿವ್ಯಾಗ ನಿನ್ನೂ ನೋಡ್ಯಾನ ಅವ. ಈ ಸಲ ಒಂದ ಮಾತಾಡು."

ಫೋನ್ ಹಿಡಿದುಕೊಂಡೆ. ವೀರಣ್ಣ ನನ್ನ ಮುಖವನ್ನು ಗುರುತಿಸಿದ.

"ತಪ್ಪಾಯ್ತು, ವೀರಣ್ಣ" ಎಂದೆ.