ಅದಲುಬದಲಾದ ಮೊರ

ಸಕಲೇಶಪುರದ ಕಾಫಿ ಕಂಪನಿಯ ಶೆಡ್ಡಿನಲ್ಲಿ ಐದು ವರ್ಷದಿಂದ ಬೀಜ ಆರಿಸುತ್ತಿದ್ದರೂ ಕುಬ್ರಾ ಕಂಪನಿಯವಳಾಗಿರಲಿಲ್ಲ. ಅವಳು ಕಂಟ್ರಾಕ್ಟರ್ ತೋಟಪ್ಪನ ಆಳು. ಕಂಪನಿಯ ಹೆಂಗಸರು ಕಿಟಕಿಯ ಬೆಳಕಿನಲ್ಲಿ ಮೇಜಿನ ಮುಂದೆ ಕೂರುತ್ತಿದ್ದರು. ತೋಟಪ್ಪನ ಕಡೆಯವರು ಗೋಡೆಯ ಬದಿ, ಗೋಣಿತಾಟಿನ ಮೇಲೆ. ಹೆರಿಗೆಯಾಗಲಿ, ಜ್ವರ ಬರಲಿ, ಮೇಜಿನವರ ಕೆಲಸ ಎಲ್ಲಿಗೂ ಹೋಗುತ್ತಿರಲಿಲ್ಲ. ಎಪ್ಪತ್ತೆಂಟನೇ ಇಸವಿಯಲ್ಲಿ ಗೋಡೆಯ ಬದಿಯ ಒಬ್ಬಳನ್ನು ಕಂಪನಿಗೇ ತೆಗೆದುಕೊಳ್ಳುತ್ತಾರೆಂಬ ಸುದ್ದಿ ಬಂದಾಗ ಎಲ್ಲರೂ ಕುಬ್ರಾಳ ಕಡೆ ನೋಡಿದರು. ಅವಳ ಕೈಯಿಂದ ಒಂದು ಕೆಟ್ಟ ಕಪ್ಪು ಬೀಜವೂ ತಪ್ಪುತ್ತಿರಲಿಲ್ಲ.

"ಮೇಜಿಗೆ ಹೋದ್ಮೇಲೆ ಒಂಚೂರು ಬೆಳಕು ಈ ಕಡೀಕೂ ತಳ್ಳೇ ಮಾರಾಯ್ತಿ," ಎಂದು ಗಂಗಾಮಣಿ ಛೇಡಿಸಿದಳು.

ಪಕ್ಕದ ಕಾನ್ಸೆಪ್ಟಾ ಬಾಯಮ್ಮ ನಗಲಿಲ್ಲ. ಆಕೆಯ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ತೋಟಪ್ಪನಿಗೆ ತಿಳಿದರೆ ಕೆಲಸ ಹೋದಂತೆಯೇ. ಅದಕ್ಕೇ ಸಂಜೆಯ ತಪಾಸಣೆಗೆ ಮುಂಚೆ ಕುಬ್ರಾ ತನ್ನ ಮೊರವನ್ನು ಆಕೆಯ ಮುಂದೆ ಸರಿಸಿ, ಆಕೆಯ ಮೊರವನ್ನು ಎಳೆದುಕೊಂಡು ಅವಸರದಲ್ಲಿ ಇನ್ನೊಮ್ಮೆ ಆರಿಸುತ್ತಿದ್ದಳು. ಗೋಡೆಯ ಬದಿಯವರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಟ್ಟಿರಲಿಲ್ಲ.

"ಶನಿವಾರ ಕಂಪನಿ ಸಾಹೇಬ್ರು ಮೊರ ನೋಡಾಕ್ ಬರ್ತಾರಂತೆ," ಎಂದಳು ಕಾನ್ಸೆಪ್ಟಾ. "ಅವತ್ತು ಮಾತ್ರ ನಿನ್ ಮೊರ ನಿನ್ ಮುಂದೇನೇ ಇರ್ಲಿ ಕಣೇ."

"ಅವತ್ತು ನೀವು ಜ್ವರ ಅಂತ ಮನೇಲೇ ಇದ್ಬುಡಿ, ಬಾಯಮ್ಮ."

ಸಾಹೇಬರು ಗುರುವಾರವೇ ಬಂದರು. ಮೊರ ಬದಲಾಗಿ ಎರಡು ನಿಮಿಷವೂ ಆಗಿರಲಿಲ್ಲ. ಕುಬ್ರಾಳ ಮುಂದಿನ ಮೊರದಿಂದ ಒಂದು ಹಿಡಿ ಎತ್ತಿದರು. ಏಳು ಕಪ್ಪು ಬೀಜ. ಕಾನ್ಸೆಪ್ಟಾಳ ಮುಂದಿನ ಮೊರಕ್ಕೆ ಮೂರು ಸಲ ಕೈ ಹಾಕಿದರು. ಒಂದೂ ಸಿಗಲಿಲ್ಲ.

"ಈಯಮ್ಮನ ಹೆಸರು ಬರ್ಕೊಳ್ರಿ," ಎಂದು ಸಾಹೇಬರು ಕಾನ್ಸೆಪ್ಟಾಳನ್ನು ತೋರಿಸಿದರು.

ಕಾನ್ಸೆಪ್ಟಾ ಏನೋ ಹೇಳಲು ಬಾಯಿ ತೆರೆದಳು. ಕುಬ್ರಾ ಆಕೆಯ ಸೆರಗು ಹಿಡಿದು ಜಗ್ಗಿದಳು. ನಿಜ ಹೊರಬಿದ್ದರೆ ಮುದುಕಿ ಆ ಸಂಜೆಯೇ ಮನೆಗೆ.

"ಕಿಟಕಿ ಹತ್ರ ಬೆಳಕೈತೆ. ನಿಮ್ಗೆ ಕಾಣ್ಸುತ್ತೆ," ಎಂದು ಪಿಸುಗುಟ್ಟಿದಳು. ತಾನೂ ಅದನ್ನು ನಂಬಿದಳು.

ಸೋಮವಾರ ಕಾನ್ಸೆಪ್ಟಾ ಮೇಜಿಗೆ ಹೋದಳು. ಅಲ್ಲಿ ಮೊರ ಬದಲಿಸುವವರಿರಲಿಲ್ಲ. ಬುಧವಾರ ಕಂಪನಿಯವರು ಆಕೆಯ ಮೊರದಲ್ಲಿ ಕಪ್ಪು ಬೀಜ ಕಂಡು, ಕೆಲಸ ಕಾಯಂ ಆಗುವ ಮೊದಲೇ ಬೇಡವೆಂದರು. ಆಕೆ ಗೋಡೆಯ ಬದಿಗೆ ಬಂದು ನೋಡಿದರೆ ತನ್ನ ಗೋಣಿತಾಟಿನ ಮೇಲೆ ಆಲೂರಿನ ಹೊಸಬಳು ಕೂತಿದ್ದಳು.

"ಕಂಪನಿಯೋರು ಕರೆದ್ರು, ನೀ ಹೋಗ್ಬುಟ್ಟೆ. ಈಗ ಅವರನ್ನೇ ಕೇಳು," ಎಂದ ತೋಟಪ್ಪ. "ನನ್ ಆಳು ಭರ್ತಿ ಆಗೈತೆ."

ಕಾನ್ಸೆಪ್ಟಾ ಗೋಡೆ ಸವರಿಕೊಂಡು ಬಾಗಿಲವರೆಗೆ ನಡೆದಳು. ತಿರುಗಿ ನೋಡಿದಳು, ಆದರೆ ಅಷ್ಟು ದೂರಕ್ಕೆ ಆಕೆಗೆ ತಾನು ಕಾಣುವುದಿಲ್ಲವೆಂದು ಕುಬ್ರಾಳಿಗೆ ಗೊತ್ತಿತ್ತು.

ಸಂಜೆ ತಪಾಸಣೆಗೆ ಮುಂಚೆ ಕುಬ್ರಾಳ ಕೈ ತಾನಾಗಿಯೇ ಮೊರವನ್ನು ಪಕ್ಕಕ್ಕೆ ಸರಿಸಿತು.

"ಇದು ನಿಂದು ಕಣಕ್ಕ," ಎಂದು ಹೊಸಬಳು ಅದನ್ನು ವಾಪಸು ತಳ್ಳಿದಳು.