ಗುರುತು ಉಜ್ಜಿಹಾಕಿದ ಸೀಮೆ

ದೊಡ್ಡ ಸಾಮ್ರಾಜ್ಯವೊಂದರ ಅಂಚಿನಲ್ಲಿ ಒಂದು ಚಿಕ್ಕ ಸೀಮೆ ಇತ್ತು. ಅದನ್ನು ಆಳುತ್ತಿದ್ದವನು ಒಬ್ಬ ಪಾಳೆಯಗಾರ. ವರ್ಷಕ್ಕೊಮ್ಮೆ ಚಕ್ರವರ್ತಿಗೆ ಕಾಣಿಕೆ ಕಳಿಸುವುದು, ಉಳಿದ ದಿನಗಳಲ್ಲಿ ಚಕ್ರವರ್ತಿ ಎಂಬವನೊಬ್ಬ ಇದ್ದಾನೆ ಎನ್ನುವುದನ್ನೇ ಮರೆತು ಬದುಕುವುದು ಅಲ್ಲಿಯ ರೂಢಿ. ಕಲ್ಲುಗುಡ್ಡಗಳ ನಾಡು; ಚಿರತೆ, ಕಾಡುಹಂದಿಗಳ ಕಾಟ. ಹಾಗಾಗಿ ಮನೆಗೊಂದು ಕೋವಿ ಇತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಪ್ರತಿ ಕೋವಿಯ ಹಿಡಿಯ ಮೇಲೂ ಆಯಾ ಮನೆಯ ಗುರುತು ಕೊರೆದಿರುತ್ತಿತ್ತು. ಒಬ್ಬರದು ನೇಗಿಲು, ಒಬ್ಬರದು ಚೇಳು, ಇನ್ನೊಬ್ಬರದು ಮೂರು ಚುಕ್ಕಿ. ಬೇಟೆ ಮುಗಿಸಿ ಎಲ್ಲರೂ ಕೋವಿಗಳನ್ನು ಒಂದೇ ಮರಕ್ಕೆ ಒರಗಿಸಿ ಊಟಕ್ಕೆ ಕೂರುತ್ತಿದ್ದರಲ್ಲ, ಏಳುವಾಗ ಅದಲುಬದಲಾಗದಿರಲಿ ಎಂದು ಅಜ್ಜಂದಿರು ಮಾಡಿದ್ದ ಏರ್ಪಾಡು.

ಒಮ್ಮೆ ರಾಜಧಾನಿಯ ಸಂತೆಯಲ್ಲಿ ಯಾರೋ ಕೋವಿ ಹಾರಿಸಿ ಹನ್ನೊಂದು ಜನ ಸತ್ತರು. ಕೋವಿ ಬಾವಿಯಲ್ಲಿ ಸಿಕ್ಕಿತು, ಹಾರಿಸಿದವನು ಸಿಗಲಿಲ್ಲ. ಚಕ್ರವರ್ತಿ ಒಂದು ಆಜ್ಞೆ ಹೊರಡಿಸಿದ. ಸಾಮ್ರಾಜ್ಯದ ಪ್ರತಿ ಕೋವಿಗೂ ಅರಮನೆಯ ಮುದ್ರೆ ಬೀಳಬೇಕು, ಅದರ ಒಡೆಯನ ಹೆಸರು ರಾಜಧಾನಿಯ ಕಡತದಲ್ಲಿ ಸೇರಬೇಕು. ಆಜ್ಞೆ ಅಷ್ಟೇ. ಕೋವಿ ಕೊಡಿ ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ.

ಆದರೆ ಪಾಳೆಯಗಾರ ಅದನ್ನು ಚಾವಡಿಯಲ್ಲಿ ಓದಿಸಿದಾಗ ಇಡೀ ಸೀಮೆಗೆ ಬರೆಯದೇ ಇದ್ದದ್ದು ಮಾತ್ರ ಕೇಳಿಸಿತು. ಇವತ್ತು ಮುದ್ರೆ ಒತ್ತುವವನು ನಾಳೆ ಕಿತ್ತುಕೊಳ್ಳುತ್ತಾನೆ ಎಂದರು ಹಿರಿಯರು. ಪಾಳೆಯಗಾರನೂ ತೊಡೆ ತಟ್ಟಿದ. ಅವನೇನು ಕೆಟ್ಟವನಲ್ಲ, ಚಪ್ಪಾಳೆ ಬಿದ್ದ ಕಡೆಗೆ ಇನ್ನೆರಡು ಹೆಜ್ಜೆ ಹೆಚ್ಚು ಇಡುವ ಮನುಷ್ಯ, ಅಷ್ಟೆ. ಅಂದೇ ಒಂದು ಪ್ರತಿಕಾನೂನು ಹೊರಟಿತು: ಈ ಸೀಮೆಯ ಚಾಕರಿಯಲ್ಲಿರುವ ಯಾರೂ, ತಳವಾರನಿಂದ ಹಿಡಿದು ಪಾಳೆಯಗಾರನವರೆಗೆ, ‘ಈ ಕೋವಿ ಯಾರದು’ ಎಂದು ಕೇಳತಕ್ಕದ್ದಲ್ಲ. ಕೇಳಿದವನಿಗೆ ಗಡೀಪಾರು.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಗುಂಪಿನಲ್ಲಿ ಒಬ್ಬ ಎದ್ದು, ಚಕ್ರವರ್ತಿಯ ಕಡೆಯವರು ಬಂದರೆ ನಮ್ಮ ಮನೆಗುರುತುಗಳೇ ನಮ್ಮನ್ನು ಹಿಡಿದುಕೊಡುವುದಿಲ್ಲವೇ ಎಂದ. ಎಂಥ ಜಾಣ ಮಾತು ಎಂದು ಎಲ್ಲರೂ ತಲೆದೂಗಿದರು. ಮರುದಿನ ಊರಿಗೆ ಊರೇ ಅರ ಹಿಡಿದು ಜಗಲಿಯ ಮೇಲೆ ಕೂತಿತು. ನೇಗಿಲು, ಚೇಳು, ಚುಕ್ಕಿ, ಎಲ್ಲವನ್ನೂ ನುಣ್ಣಗೆ ಉಜ್ಜಿಹಾಕಿದರು. ಅವನ್ನೆಲ್ಲ ಕೊರೆದುಕೊಟ್ಟಿದ್ದ ಕಮ್ಮಾರ ಕಾಳಾಚಾರಿ ಮಾತ್ರ ಕುಲುಮೆಯ ಬಾಗಿಲು ಹಾಕಿಕೊಂಡು ಒಳಗೇ ಇದ್ದ. ಚಕ್ರವರ್ತಿ ಕಿತ್ತುಕೊಳ್ಳದೇ ಇದ್ದದ್ದನ್ನು ತಾವೇ ಕಳೆದುಕೊಂಡು ಆ ಜನ ಸಂಜೆ ಪಾಯಸ ಮಾಡಿ ಉಂಡರು.

ಸೀಮೆಯ ಹೆಸರು ಹಬ್ಬಿತು. ಕೋವಿ ಹಿಡಿದು ನೆಮ್ಮದಿಯಾಗಿ ಬಾಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ದಾರಿಹೋಕರು ಹೇಳುತ್ತ ಹೋದರು. ಎಲ್ಲೆಲ್ಲಿಂದಲೋ ಕುಟುಂಬಗಳು ಗಾಡಿ ಕಟ್ಟಿಕೊಂಡು ಬಂದವು. ಗುಡಿಯ ಮುಂದೆ ಚಪ್ಪಲಿ ಬಿಡುವ ಜಾಗದಲ್ಲಿ ಕೋವಿ ಒರಗಿಸುವ ಗೂಟಗಳು ಎದ್ದವು. ನಾಮಕರಣದ ಮನೆಯಲ್ಲಿ ತೊಟ್ಟಿಲಿನ ಪಕ್ಕ ಒಂದು ಕೋವಿಗೂ ಹೂವು ಮುಡಿಸುವುದು ಶುರುವಾಯಿತು. ಹಂದಿ, ಚಿರತೆಗಳು ಎಂದೋ ಗುಡ್ಡ ಬಿಟ್ಟು ಹೋಗಿದ್ದವು, ಅದನ್ನು ಗಮನಿಸಲು ಯಾರಿಗೂ ಪುರುಸೊತ್ತಿರಲಿಲ್ಲ.

ಆ ಸೀಮೆಯಲ್ಲಿ ಅತಿಥಿಯನ್ನು ಎದುರುಗೊಳ್ಳಲು ಒಂದು ಕ್ರಮವಿತ್ತು. ದೊಡ್ಡ ಮನೆಗೆ ನೆಂಟರು ಬಂದರೆ ಗಂಡಸರು ಅಂಗಳದಲ್ಲಿ ಎರಡು ಸಾಲಾಗಿ ನಿಂತು ಒಟ್ಟಿಗೆ ಕೋವಿ ಹಾರಿಸಬೇಕು. ಬರೀ ಮದ್ದು ತುಂಬಿ ಸದ್ದು ಮಾಡಿದರೆ ನೆಂಟರಿಗೆ ಅವಮಾನ, ಗುಂಡೂ ಇರಬೇಕು. ಕೋವಿ ಆಕಾಶಕ್ಕೆ, ಕಣ್ಣು ಮಾತ್ರ ಅತಿಥಿಯ ಮುಖದ ಮೇಲೆ. ಹಾರಿಸುವಾಗ ತಲೆಯೆತ್ತಿ ಮೇಲೆ ನೋಡಿದರೆ ಅವನಿಗೆ ನೆಂಟರಿಗಿಂತ ಕೋವಿಯೇ ಹೆಚ್ಚು ಎಂದು ಆಡಿಕೊಳ್ಳುತ್ತಿದ್ದರು.

ಪಾಳೆಯಗಾರನಿಗೆ ಒಬ್ಬಳೇ ಮಗಳು, ಚಿನ್ನಾಜಿ. ಅವಳ ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರು ಹೆಬ್ಬಾಗಿಲಿಗೆ ಬಂದರು. ಅಂಗಳದಲ್ಲಿ ಪಾಳೆಯಗಾರನೂ ಸೇರಿ ನಲವತ್ತು ಜನ ಬಾಗಿಲಿಗೆ ಮುಖಮಾಡಿ ನಿಂತಿದ್ದರು. ಕರೆಯುವವರೆಗೆ ಒಳಗಿರಬೇಕಾಗಿದ್ದ ಹುಡುಗಿ, ಗಂಡನ್ನು ಒಮ್ಮೆ ಮೇಲಿನಿಂದ ನೋಡಿಬಿಡುವ ಆಸೆಗೆ ಹೆಬ್ಬಾಗಿಲ ಮೇಲಿನ ಉಪ್ಪರಿಗೆ ಹತ್ತಿ ಕಟಕಟೆಯಿಂದ ಬಗ್ಗಿದ್ದಳು. ನಲವತ್ತು ಕೋವಿಗಳು ಒಟ್ಟಿಗೆ ಹಾರಿದವು. ನಲವತ್ತು ಜನರ ಕಣ್ಣೂ ಅತಿಥಿಗಳ ಮೇಲಿತ್ತು. ಹೊಗೆ ತಿಳಿಯಾದಾಗ ಗಂಡಿನ ಪಾದದ ಹತ್ತಿರ ಚಿನ್ನಾಜಿ ಬಿದ್ದಿದ್ದಳು. ಅವಳ ಹಸಿರು ಸೀರೆಯ ಎದೆಯ ಭಾಗ ಆಗಲೇ ಕಪ್ಪಾಗಿತ್ತು.

ಗಾಬರಿಯಲ್ಲಿ ಎಲ್ಲರೂ ಕೋವಿಗಳನ್ನು ಅಂಗಳದಲ್ಲೇ ಚೆಲ್ಲಿ ಓಡಿದ್ದರು. ಎತ್ತಿ ನೋಡಿದರೆ ಎಲ್ಲವೂ ಬೆಚ್ಚಗಿದ್ದವು, ಎಲ್ಲದರ ಹಿಡಿಯೂ ನುಣ್ಣಗಿತ್ತು.

ಮಣ್ಣು ಮಾಡಿ ಬಂದ ಪಾಳೆಯಗಾರ ಸ್ನಾನವನ್ನೂ ಮಾಡದೆ ತಳವಾರನನ್ನು ಕರೆಸಿದ. ಯಾರ ಕೋವಿಯೆಂದು ಮನೆಮನೆಗೆ ಹೋಗಿ ಕೇಳು ಎಂದ. ತಳವಾರ ಸಣ್ಣಬೊಮ್ಮ ಆ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು. ಅತ್ತೂ ಅತ್ತೂ ಕಣ್ಣು ಊದಿಕೊಂಡಿತ್ತು.

“ಕೇಳೋ ಹಾಗಿಲ್ಲ ಬುದ್ಧಿ,” ಎಂದ. “ನನ್ನ ಕೈಲಿ ಗಂಗಾಜಲ ಮುಟ್ಟಿಸಿ ಆಣೆ ಮಾಡಿಸಿದವರು ನೀವೇ.”

ಪಾಳೆಯಗಾರನಿಗೆ ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಚಾವಡಿಗೆ ಹೋಗಿ, ಸೇರಿದ್ದ ಜನರ ಮುಂದೆ ತಾನೇ ಕೇಳಿದ. ಆ ಕೋವಿ ಯಾರದಿದ್ದರೂ ಸರಿ, ಅವನನ್ನು ಕೋಟೆಬಾಗಿಲಿಗೆ ನೇಣು ಹಾಕದೆ ಅನ್ನ ಮುಟ್ಟುವುದಿಲ್ಲ ಎಂದು ಶಪಥ ಮಾಡಿದ. ಹಿರಿಯರು ಬಹಳ ಮೆದುವಾಗಿ, ದುಃಖದಲ್ಲಿ ಆಡಿದ ಮಾತೆಂದು ಒಮ್ಮೆ ಮನ್ನಿಸುತ್ತೇವೆ, ಇನ್ನೊಮ್ಮೆ ಕೇಳಿದರೆ ಗಡಿಯವರೆಗೆ ನಾವೇ ಬಿಟ್ಟುಬರಬೇಕಾಗುತ್ತದೆ ಎಂದರು. ಕಾನೂನನ್ನೇ ರದ್ದು ಮಾಡುತ್ತೇನೆಂದು ಅವನು ಕೂಗಾಡಿದ. ಆಗ ಹಿಂದಿನ ಸಾಲಿನಲ್ಲಿ ನಾಲ್ಕೈದು ಕೋವಿಗಳು ಮೆಲ್ಲಗೆ ಮೇಲೆದ್ದವು. ಅವನ ಪರವಾಗಿ ಗಂಟಲು ಹರಿಯುವಂತೆ ಜೈಕಾರ ಹಾಕಿದ್ದ ಜನವೇ. ಅವನು ಮಾತು ನಿಲ್ಲಿಸಿದ. ಶಪಥ ಮಾತ್ರ ಬಿಡಲಿಲ್ಲ, ಎರಡು ದಿನ ನೀರು ಕುಡಿದುಕೊಂಡೇ ಇದ್ದ.

ಅವನ ಹೆಂಡತಿಯನ್ನು ಊರವರು ನಾಗತಿ ಎಂದು ಕರೆಯುತ್ತಿದ್ದರು. ಅವಳು ಯಾರ ಚಾಕರಿಯಲ್ಲೂ ಇರಲಿಲ್ಲ, ಅವಳನ್ನು ಯಾವ ಆಣೆಯೂ ಕಟ್ಟಿಹಾಕಿರಲಿಲ್ಲ. ಮಗಳ ಮೈ ತೊಳೆಯುವಾಗ ಸಿಕ್ಕ ಗುಂಡನ್ನು ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಮೂರನೆಯ ದಿನ ನೇರ ಕಾಳಾಚಾರಿಯ ಕುಲುಮೆಗೆ ಹೋಗಿ ಅದನ್ನು ಅವನ ಮುಂದಿಟ್ಟಳು. ಹಿಡಿಯ ಗುರುತು ಉಜ್ಜಬಹುದು, ನಳಿಗೆಯ ಅಳತೆಯನ್ನು ಯಾವ ಅರವೂ ಉಜ್ಜುವುದಿಲ್ಲ. ಕಾಳಾಚಾರಿ ಗುಂಡನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ. ಆಮೇಲೆ, ಇದನ್ನು ದೊರೆಯ ಮುಂದೆಯೇ ಹೇಳುತ್ತೇನೆ ತಾಯಿ, ನಿಮ್ಮೊಬ್ಬರ ಮುಂದೆ ಹೇಳಲಾರೆ ಎಂದು ಅವಳ ಜೊತೆ ಎದ್ದುಬಂದ.

ಚಾವಡಿ ಕಿಕ್ಕಿರಿದಿತ್ತು. ಕಾಳಾಚಾರಿ ಗುಂಡನ್ನು ಪಾಳೆಯಗಾರನ ಕೈಗೆ ಕೊಟ್ಟ.

“ಇಷ್ಟು ದಪ್ಪ ಗುಂಡಿನ ಕೋವಿ ನಾನು ಜೀವಮಾನದಲ್ಲಿ ಒಂದೇ ಮಾಡಿದ್ದು ಬುದ್ಧಿ. ನೀವು ಪಟ್ಟಕ್ಕೆ ಕೂತ ವರ್ಷ. ಯಾರಿಗೆ ಅಂತ ಕೇಳಿ, ಹೇಳ್ತೀನಿ.”

ಪಾಳೆಯಗಾರ ಅಂಗೈ ನೋಡಿಕೊಂಡ. ಅಂಥ ಗುಂಡುಗಳನ್ನು ಅವನು ಎಷ್ಟು ಸಲ ತನ್ನ ಕೈಯಾರೆ ನಳಿಗೆಗೆ ಇಳಿಸಿದ್ದನೋ. ಅವನ ಬೆರಳುಗಳು ಒಂದೊಂದಾಗಿ ಮುಚ್ಚಿಕೊಂಡವು. ಹಿರಿಯರು ಕಾಯುತ್ತಿದ್ದರು. ಕೇಳಿದರೆ ಗಡೀಪಾರು, ಕೇಳದಿದ್ದರೆ ಮಗಳ ಸಾವಿಗೆ ನ್ಯಾಯವಿಲ್ಲ. ಪಾಪ, ತಂದೆಯ ಕರುಳು ಏನು ಮಾಡುತ್ತದೋ ಎಂದು ಎಲ್ಲರೂ ಮರುಗುತ್ತಿದ್ದರು.

“ಈ ಸೀಮೆಯಲ್ಲಿ,” ಎಂದ ಪಾಳೆಯಗಾರ, “ಅದನ್ನು ಯಾರೂ ಕೇಳುವ ಹಾಗಿಲ್ಲ.”

ಕ್ಷಣಹೊತ್ತು ಯಾರಿಗೂ ನಂಬಿಕೆಯಾಗಲಿಲ್ಲ. ತೊಟ್ಟ ಶಪಥವನ್ನು ಬಿಟ್ಟು, ಹೆತ್ತ ಮಗಳನ್ನು ಬಿಟ್ಟು, ಕಾನೂನನ್ನು ಉಳಿಸಿಕೊಂಡ ದೊರೆ! ಹಿರಿಯರು ಎದ್ದು ಅವನ ಕಾಲಿಗೆ ಬಿದ್ದರು. ಮೊನ್ನೆ ಅವನ ಕಡೆಗೆ ಕೋವಿ ಎತ್ತಿದವರು ಬಿಕ್ಕಿಬಿಕ್ಕಿ ಅತ್ತರು. ಇಂಥವನ ಹೆಸರಿನಲ್ಲಿ ಕಲ್ಲು ನೆಡಿಸಬೇಕು ಎಂದು ಒಬ್ಬ ಕೂಗಿದ. ಅದನ್ನು ಕಾಳಾಚಾರಿಯೇ ಕೊರೆಯಲಿ ಎಂದ ಇನ್ನೊಬ್ಬ. ಕಾಳಾಚಾರಿ ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದ.

ನಾಗತಿ ನಿಂತಲ್ಲೇ ನಿಂತಿದ್ದಳು. ಅವಳು ಗಂಡನ ಮುಚ್ಚಿದ ಮುಷ್ಟಿಯನ್ನು ನೋಡಿದಳು, ಆಮೇಲೆ ಅವನ ಮುಖ ನೋಡಿದಳು. ಅವಳಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಕೋವಿ ಯಾರದು ಅಂತ ಕೇಳಬಾರದು, ಆಯ್ತು,” ಎಂದಳು. “ಸತ್ತವಳು ಯಾರ ಮಗಳು ಅಂತ ಕೇಳಬಹುದಾ?”

ಅಷ್ಟರಲ್ಲಿ ಹೊರಗೆ ಜನ ದೊರೆಯ ಗೌರವಕ್ಕೆಂದು ಕೋವಿ ಹಾರಿಸತೊಡಗಿದ್ದರು. ಆ ಸದ್ದಿನಲ್ಲಿ ಹೆಂಡತಿ ಅಂದದ್ದು ತನಗೆ ಕೇಳಿಸಲಿಲ್ಲ ಎಂದು ಪಾಳೆಯಗಾರ ಸಾಯುವವರೆಗೂ ಹೇಳುತ್ತಿದ್ದ, ಯಾರೂ ಕೇಳದಿದ್ದರೂ.